ಗೀತೆ ಇಲ್ಲದ ಕೋರ್ಟು

ಸಿನಿಮಾದಲ್ಲಿ ಸಾಕ್ಷಿ ಕಟಕಟೆ ಹತ್ತಿದ ಕೂಡಲೇ ಕೆಂಪು ಬಟ್ಟೆ ಸುತ್ತಿದ ಭಗವದ್ಗೀತೆ ಬರುತ್ತದೆ. ನಾನು ಸಿವಿಲ್ ಜಡ್ಜ್ ಆಗಿ ಸೇರಿದಾಗಿನಿಂದ ಜಿಲ್ಲಾ ಜಡ್ಜ್ ಆಗಿ ನಿವೃತ್ತಿ ಆಗುವವರೆಗೆ ಆ ಪುಸ್ತಕವನ್ನು ಯಾವ ಕೋರ್ಟ್ ಹಾಲ್‌ನಲ್ಲೂ ನೋಡಲಿಲ್ಲ. ಮದುವೆ ಮನೆಗಳಲ್ಲಿ ಸಿಕ್ಕವರು ಈಗಲೂ ಕೇಳ್ತಾರೆ, "ಮುಸ್ಲಿಮರಿಗೆ ಕುರಾನ್ ಕೊಡ್ತೀರಾ ಮೇಡಂ?" ಅಂತ. ಯಾರಿಗೂ ಏನೂ ಕೊಡುವುದಿಲ್ಲ. 1969ರ ಪ್ರಮಾಣಗಳ ಕಾಯ್ದೆಯಲ್ಲಿ ಇರುವುದು ಒಂದೇ ವಾಕ್ಯ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಸತ್ಯ ಹೇಳುತ್ತೇನೆ ಅನ್ನಬಹುದು. ದೇವರು ಬೇಡವಾದರೆ ದೃಢೀಕರಿಸಿ ಹೇಳುತ್ತೇನೆ ಅನ್ನಬಹುದು. ಕಾನೂನಿನ ಲೆಕ್ಕದಲ್ಲಿ ಎರಡೂ ಒಂದೇ. ಹನ್ನೆರಡು ವರ್ಷದೊಳಗಿನ ಮಗುವಿಗೆ ಪ್ರಮಾಣದ ಅರ್ಥ ಗೊತ್ತಿಲ್ಲ ಅಂತ ಕೋರ್ಟಿಗೆ ಅನ್ನಿಸಿದರೆ, ಪ್ರಮಾಣ ಮಾಡಿಸದೆಯೇ ಅದರ ಮಾತು ಕೇಳಬಹುದು.

ನಾನು ದೇವರನ್ನು ನಂಬುವವಳು. ಬೆಳಿಗ್ಗೆ ದೀಪ ಹಚ್ಚಿಯೇ ಕೋರ್ಟಿಗೆ ಹೊರಡುತ್ತಿದ್ದೆ. ಅದಕ್ಕೇ ಇರಬೇಕು, ಶುರುವಿನ ದಿನಗಳಲ್ಲಿ ಈ ಪ್ರಮಾಣ ನೋಡಿದರೆ ಕಸಿವಿಸಿ ಆಗ್ತಿತ್ತು. ಬೆಂಚ್ ಕ್ಲರ್ಕ್ ಕಡತದ ಮೇಲೆ ಕಣ್ಣಿಟ್ಟುಕೊಂಡೇ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು. ಸಾಕ್ಷಿ ಅರ್ಧ ಮಾತ್ರ ಹೇಳುತ್ತಿದ್ದ. ಅಷ್ಟರಲ್ಲಿ ವಕೀಲರ ಮೊದಲ ಪ್ರಶ್ನೆ ಬಂದಿರುತ್ತಿತ್ತು. ಹೀಗಾಗಿ ಹೊಸ ಊರಿಗೆ ವರ್ಗವಾಗಿ ಹೋದಾಗಲೆಲ್ಲ ನಾನು ಮಾಡುತ್ತಿದ್ದ ಮೊದಲ ಕೆಲಸ ಇದು. ಕ್ಲರ್ಕ್‌ಗೆ ಹೇಳುತ್ತಿದ್ದೆ: ಸಾಕ್ಷಿಯ ಮುಖ ನೋಡಿ, ನಿಧಾನವಾಗಿ ಹೇಳಿ, ಅವರು ಪೂರ್ತಿ ಹೇಳುವವರೆಗೆ ಕಾಯಿರಿ. ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತಿತ್ತು, ಅಷ್ಟೇ. ಇದರಿಂದ ಸುಳ್ಳು ಹೇಳುವುದು ನಿಂತಿತಾ ಅಂದರೆ, ಇಲ್ಲ. ಸುಳ್ಳು ಸಾಕ್ಷಿಗೆ ಏಳು ವರ್ಷದವರೆಗೆ ಶಿಕ್ಷೆ ಅಂತ ಕಾನೂನು ಇದ್ದರೂ ನಿಲ್ಲದ್ದು ಒಂದು ವಾಕ್ಯಕ್ಕೆ ನಿಲ್ಲುತ್ತಾ? ಆದರೆ ಕೆಲವರು ಆ ಅರ್ಧ ನಿಮಿಷದಲ್ಲಿ ತಡವರಿಸುತ್ತಿದ್ದರು. ಅದನ್ನು ಬರೆದುಕೊಳ್ಳಲು ಬರುವುದಿಲ್ಲ. ಆದರೆ ಮುಂದಿನ ಮಾತುಗಳನ್ನು ಇನ್ನಷ್ಟು ಗಮನ ಇಟ್ಟು ಕೇಳುವುದಕ್ಕೆ ಅದು ಸಾಕು.

ಸುರಪುರದಲ್ಲಿ ಇದ್ದಾಗಿನ ಮಾತು. ಆಗ ಅದು ಇನ್ನೂ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಯಾದಗಿರಿ ಜಿಲ್ಲೆ ಆಗಿದ್ದು 2009ರ ಕೊನೆಗೆ. ಒಂದು ಹೊಲದ ಬದುವಿನ ದಾವೆ. ವಯಸ್ಸಾದ ಹೆಂಗಸೊಬ್ಬರು ಸಾಕ್ಷಿಗೆ ಬಂದರು. ಅಲ್ಲಿ ಬಹಳ ಜನ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಕಟಕಟೆಗೆ ಬರುತ್ತಿದ್ದರು. ಇವರೂ ಬಿಟ್ಟೇ ಬಂದರು. ಕ್ಲರ್ಕ್ "ದೇವರ ಹೆಸರಿನಲ್ಲಿ" ಅಂದ ಕೂಡಲೇ ನನ್ನ ಕಡೆ ತಿರುಗಿದರು.

"ಯಾವ ದೇವ್ರ ಮ್ಯಾಲ ಹೇಳ್ಲಿ ಯವ್ವಾ?"

"ನಿಮ್ಮ ದೇವರು ಯಾವುದೋ ಅದರ ಮೇಲೆ ಹೇಳಮ್ಮ."

ಸ್ವಲ್ಪ ಯೋಚನೆ ಮಾಡಿದರು. "ಹಂಗಾದ್ರ ತಿಂಥಣಿ ಮೋನಪ್ಪಯ್ಯನ ಮ್ಯಾಲ ಹೇಳ್ತೀನಿ. ಅಂವಾ ಇಬ್ಬರಿಗೂ ಬೇಕಾದಂವ."

ಎದುರು ಪಾರ್ಟಿ ಒಬ್ಬ ಮುಸ್ಲಿಂ ರೈತ. ತಿಂಥಣಿ ಕೃಷ್ಣಾ ದಂಡೆಯ ಊರು. ಅಲ್ಲಿನ ಮೌನೇಶ್ವರನಿಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಆತ ಹಿಂದೆ ನಿಂತಲ್ಲಿಂದಲೇ ತಲೆಯಾಡಿಸಿದ. ಕಡತದಲ್ಲಿ ದಾಖಲಾಗಿದ್ದು ಎಂದಿನಂತೆ "ಪ್ರಮಾಣ ವಚನ ಬೋಧಿಸಲಾಯಿತು" ಅನ್ನುವ ಸಾಲು ಮಾತ್ರ. ಆ ಹೆಂಗಸಿನ ಸಾಕ್ಷ್ಯ ಅವರನ್ನು ಕರೆಸಿದ ವಾದಿಗೆ ಪೂರ್ತಿ ಅನುಕೂಲವಾಗಲಿಲ್ಲ ಅನ್ನುವುದನ್ನೂ ಹೇಳಿಬಿಡ್ತೀನಿ. ಬದು ಎಲ್ಲಿತ್ತು ಅಂತ ಕೇಳಿದರೆ, "ಅರ್ಧ ನೆನಪದ, ಅರ್ಧ ಇಲ್ಲ" ಅಂದರು.

ಪುತ್ತೂರಿಗೆ ಹೋದ ಮೇಲೆ ಇನ್ನೊಂದು ಲೋಕ. ಸಾಕ್ಷಿಗಳು ತುಳುವಿನಲ್ಲಿ ಹೇಳುತ್ತಿದ್ದರು. ನನಗೆ ತುಳು ಬರದೆ ಭಾಷಾಂತರ ಮಾಡಿಸಿಕೊಳ್ಳಬೇಕಿತ್ತು. ಅಲ್ಲಿ ಕೋರ್ಟಿನ ಪ್ರಮಾಣಕ್ಕಿಂತ ದೊಡ್ಡ ಪ್ರಮಾಣ ಹೊರಗಿತ್ತು. ಅಡಿಕೆ ತೋಟದ ಪಾಲಿನ ದಾವೆಯಲ್ಲಿ ತಮ್ಮ ಎದ್ದು ನಿಂತು ಹೇಳುತ್ತಿದ್ದ, "ಅಣ್ಣ ಧರ್ಮಸ್ಥಳದಲ್ಲಿ ಆಣೆ ಮಾಡಲಿ ಸ್ವಾಮೀ, ನಾನು ಇವತ್ತೇ ಕೇಸು ಬಿಡ್ತೇನೆ." ಅಣ್ಣ ಒಪ್ಪುತ್ತಿರಲಿಲ್ಲ. ಮೊದಮೊದಲು ನಾನು ಇದಕ್ಕೆ ಒಂದೇ ಅರ್ಥ ಇರಬೇಕು ಅಂದುಕೊಂಡಿದ್ದೆ. ಅಲ್ಲಿನ ಹಿರಿಯ ವಕೀಲರೊಬ್ಬರು ತಿಳಿಸಿ ಹೇಳಿದರು: ನಿಜ ಹೇಳುವವನೂ ಆಣೆಗೆ ಹೆದರುತ್ತಾನೆ. ಆಣೆ ಬಿದ್ದ ಮನೆಗಳ ನಡುವೆ ಊಟ-ತಿಂಡಿ ನಿಂತುಹೋಗುತ್ತದೆ. ಮುಂದೆ ಮಕ್ಕಳ ಕಾಲದಲ್ಲಿ ಅದನ್ನು ಬಿಡಿಸಿಕೊಳ್ಳಲು ಮತ್ತೆ ಕ್ಷೇತ್ರಕ್ಕೆ ಹೋಗಬೇಕು. ಅಂದಮೇಲೆ ಆಣೆ ಮಾಡಲಿಲ್ಲ ಅನ್ನುವುದರಿಂದ ಏನನ್ನೂ ಊಹಿಸುವ ಹಾಗಿಲ್ಲ, ಅಲ್ವಾ?

ಹಳೆಯ 1873ರ ಕಾಯ್ದೆಯಲ್ಲಿ ಇದಕ್ಕೂ ಜಾಗ ಇತ್ತು. ಎದುರು ಪಾರ್ಟಿ ಇಂಥ ವಿಶೇಷ ಪ್ರಮಾಣ ಮಾಡಿದರೆ ಅದಕ್ಕೆ ನಾನು ಬದ್ಧ ಅಂತ ಒಬ್ಬರು ಹೇಳಬಹುದಿತ್ತು. 1969ರ ಕಾಯ್ದೆ ಅದನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ದೇವರಿಗೆ ಹೆಚ್ಚು ಹೆದರುವವನು ಸೋತು, ಹೆದರದವನು ಗೆಲ್ಲುವ ದಾರಿ ಅದು. ಆಣೆಯ ಮಾತು ಬಂದಾಗ ನಾನು ಮಾಡುತ್ತಿದ್ದುದು ಇಷ್ಟು. ಆಣೆಯನ್ನು ಅಲ್ಲಿಗೇ ಬಿಟ್ಟು, ಅಣ್ಣತಮ್ಮ ಇಬ್ಬರನ್ನೂ ರಾಜಿ ಮಾತುಕತೆಗೆ ಕಳಿಸುತ್ತಿದ್ದೆ. ಆಣೆಯ ಮಾತೆತ್ತುವವನಿಗೆ ಅಣ್ಣನ ಬಾಯಿಂದ ಏನೋ ಒಂದು ಮಾತು ಕೇಳಬೇಕಿರುತ್ತದೆ. ತೋಟದ ಸೆಂಟ್ಸ್ ಲೆಕ್ಕ ಆಮೇಲಿನದು. ಕೆಲವು ರಾಜಿ ಆಗಿವೆ, ಕೆಲವು ಆಗಿಲ್ಲ.

ಇಡೀ ಕೋರ್ಟಿನಲ್ಲಿ ಪ್ರಮಾಣವೂ ಇಲ್ಲದೆ ದೃಢೀಕರಣವೂ ಇಲ್ಲದೆ ನಡೆದದ್ದರ ಬಗ್ಗೆ ಮಾತಾಡುವ ದೊಡ್ಡವನು ಒಬ್ಬನೇ. ಅವನು ಆರೋಪಿ. ಸಾಕ್ಷ್ಯ ಎಲ್ಲ ಮುಗಿದ ಮೇಲೆ ಜಡ್ಜ್ ನೇರವಾಗಿ ಅವನನ್ನು ಕೇಳಬೇಕು: ನಿನ್ನ ವಿರುದ್ಧ ಇಷ್ಟು ಬಂದಿದೆ, ಏನು ಹೇಳ್ತೀಯಾ? ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 313ನೇ ಕಲಂ, 2024ರ ಜುಲೈನಿಂದ ಬಂದ ಹೊಸ ಸಂಹಿತೆಯಲ್ಲಿ 351. ಅಲ್ಲಿ ಅವನಿಗೆ ಪ್ರಮಾಣ ಮಾಡಿಸಬಾರದು ಅಂತ ಕಾನೂನೇ ಹೇಳುತ್ತದೆ. ನನಗೆ ಬಹಳ ಇಷ್ಟವಾದ ಕಲಂ ಇದು. ಸಂಕಟದಲ್ಲಿ ಇರುವವನನ್ನು ದೇವರ ಹೆಸರು ಹೇಳಿ ಮೂಲೆಗೆ ತಳ್ಳಬೇಡಿ ಅನ್ನುತ್ತದೆ.

ಆದರೆ ಈ ಕೆಲಸ ಸಾಮಾನ್ಯವಾಗಿ ಕಾಟಾಚಾರಕ್ಕೆ ನಡೆಯುತ್ತದೆ. ಮೊದಲೇ ಟೈಪ್ ಮಾಡಿದ ಉದ್ದುದ್ದ ಪ್ರಶ್ನೆಗಳು. ಎಲ್ಲದಕ್ಕೂ "ಸುಳ್ಳು ಸ್ವಾಮಿ" ಅನ್ನುವ ಉತ್ತರ. ನಾನು ಪ್ರಶ್ನೆಗಳನ್ನು ಒಡೆದು ಬರೆದುಕೊಳ್ಳುತ್ತಿದ್ದೆ. ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ. ಮನೆಯಲ್ಲಿ ಆಡುವ ಕನ್ನಡ. "ಆ ರಾತ್ರಿ ನೀನು ಬಾವಿ ಹತ್ತಿರ ಇದ್ದೆ ಅಂತ ಇವರು ಹೇಳಿದ್ದಾರೆ. ಇದ್ಯಾ?" ಹೀಗೆ ಕೇಳಿದಾಗ ಕೆಲವರು ಮೊದಲ ಸಲ ಬಾಯಿ ಬಿಟ್ಟಿದ್ದುಂಟು. "ಇದ್ದೆ ಮೇಡಂ. ನೀರು ಸೇದೋಕೆ ಹೋಗಿದ್ದೆ" ಅಂತ. ಆ ಒಂದು ಮಾತಿನಿಂದ ಕೇಸನ್ನು ಮತ್ತೆ ಮೊದಲಿಂದ ಓದಬೇಕಾಗಿ ಬಂದದ್ದೂ ಇದೆ.

ತೀರ್ಪು ಹೇಳಿದ ದಿನ ಎರಡೂ ಕಡೆಯಿಂದ ಕೇಳುವ ಮಾತು ಒಂದೇ: ಮೇಲೆ ದೇವರಿದ್ದಾನೆ. ಶಿಕ್ಷೆ ಆದವನ ಹೆಂಡತಿ ಅನ್ನುತ್ತಾಳೆ. ಆರೋಪಿ ಬಿಡುಗಡೆ ಆದರೆ ಸತ್ತವನ ತಾಯಿ ಅನ್ನುತ್ತಾಳೆ. ಒಂದು ಕೊಲೆ ಕೇಸಿನಲ್ಲಿ ಕಣ್ಣಾರೆ ನೋಡಿದ್ದೇವೆ ಅಂದವರೆಲ್ಲ ಉಲ್ಟಾ ಹೊಡೆದರು. ಪಂಚನಾಮೆಗೆ ಸಹಿ ಹಾಕಿದ ಪಂಚರು "ಪೊಲೀಸರು ಹಾಕು ಅಂದ್ರು, ಹಾಕಿದ್ವಿ" ಅಂದರು. ಉಳಿದದ್ದು ಒಂದು ಮಚ್ಚು ಮತ್ತು ಒಂದು ವರದಿ. ಬಿಡುಗಡೆ ಮಾಡದೆ ದಾರಿ ಇರಲಿಲ್ಲ. ಆ ತಾಯಿ ಗಲಾಟೆ ಮಾಡಲಿಲ್ಲ. "ನೀವೇನು ಮಾಡ್ತೀರಮ್ಮ, ಅವನು ನೋಡ್ಕೋತಾನೆ" ಅಂತ ನನಗೇ ಸಮಾಧಾನ ಹೇಳಿ ಹೋದರು.

ನಂಬಿಕೆ ನನಗೆ ಉಪಯೋಗಕ್ಕೆ ಬಂದದ್ದು ಇಂಥ ದಿನಗಳಲ್ಲಿ. ಅದನ್ನು ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ತಪ್ಪು ತಿಳಿದಾರು. ಏನು ನಡೆಯಿತು ಅನ್ನುವುದು ನನಗೆ ಗೊತ್ತಾಗುವುದಿಲ್ಲ. ನನ್ನ ಮೇಜಿಗೆ ಬರುವುದು ಸಾಕ್ಷ್ಯ ಮಾತ್ರ. ಅದು ಸಾಲದಿದ್ದರೆ ಸಂಶಯದ ಲಾಭ ಆರೋಪಿಗೆ. ಪೂರ್ತಿ ಗೊತ್ತಿರುವವನು ಬೇರೆ ಒಬ್ಬನಿದ್ದಾನೆ ಅಂತ ನಂಬಿದ್ದರಿಂದ, ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವುದು ನನಗೆ ಸುಲಭವಾಯಿತು. ನಾಸ್ತಿಕರಾದ ನನ್ನ ಸಹೋದ್ಯೋಗಿಗಳು ಇದೇ ಜಾಗಕ್ಕೆ ಬೇರೆ ದಾರಿಯಿಂದ ಬಂದಿದ್ದರು. ನನ್ನದು ಈ ದಾರಿ. ಆದರೆ ಇದರಲ್ಲಿ ಅಪಾಯವೂ ಇದೆ. ದೇವರು ನೋಡ್ಕೋತಾನೆ ಅಂತ ಜಡ್ಜ್ ಕೂಡ ಅಂದುಕೊಂಡರೆ ಕಡತ ಸರಿಯಾಗಿ ಓದುವುದು ಯಾರು? ಅದಕ್ಕೇ ನನ್ನ ಕೋರ್ಟ್ ಹಾಲ್‌ನಲ್ಲಿ ದೇವರ ಫೋಟೋ ಇರಲಿಲ್ಲ. ಯಾರೋ ತೂಗುಹಾಕಿದ ಕ್ಯಾಲೆಂಡರ್ ಇದ್ದರೆ ಆಫೀಸಿನ ಒಳಗೆ ಹಾಕಿಸುತ್ತಿದ್ದೆ. ದೇವಸ್ಥಾನಗಳಲ್ಲಿ ಜಡ್ಜ್ ಅಂತ ಹೇಳಿಸಿಕೊಂಡು ಸಾಲು ತಪ್ಪಿಸಿ ಹೋಗುತ್ತಿರಲಿಲ್ಲ. ಆ ಸಾಲಿನಲ್ಲೇ ನನ್ನ ಮುಂದಿನ ವಾಯಿದೆಯ ಪಾರ್ಟಿ ನಿಂತಿರಬಹುದು.

ಕವಿತೆಗೆ ಬರ್ತೀನಿ. ತಾಲ್ಲೂಕು ಊರುಗಳಲ್ಲಿ ಜಡ್ಜ್‌ಗಳ ಸಂಜೆ ತುಂಬಾ ಉದ್ದ. ದರ್ಜಿ ಅಂಗಡಿಯಲ್ಲಿ ನಿಂತು ಮಾತಾಡುವ ಹಾಗಿಲ್ಲ, ಅವನದ್ದೊಂದು ಚೆಕ್ ಬೌನ್ಸ್ ಕೇಸು ಇರುತ್ತದೆ. ಮಗಳ ಗೆಳತಿಯ ಮನೆಗೆ ಹೋಗುವ ಹಾಗಿಲ್ಲ, ಅವಳಪ್ಪ ಪ್ರತಿವಾದಿ. ಮೂರು ವರ್ಷಕ್ಕೊಮ್ಮೆ ವರ್ಗ. ಬೇಸಿಗೆ ರಜೆ ಬರುವ ಹೊತ್ತಿಗೆ ಗಂಟುಮೂಟೆ. ಈ ಒಂಟಿತನದಲ್ಲಿ ಕೆಲವರು ಶಟಲ್ ಆಡುತ್ತಾರೆ. ನಾನು ಹಳೆಯ ಕಾಸ್ ಲಿಸ್ಟ್‌ಗಳ, ಅಂದರೆ ದಿನದ ಕೇಸುಗಳ ಪಟ್ಟಿಗಳ, ಹಿಂಬದಿಯಲ್ಲಿ ಬರೆಯತೊಡಗಿದೆ.

ನನಗೆ ನಾನೇ ಎರಡು ಕಟ್ಟುಪಾಡು ಹಾಕಿಕೊಂಡಿದ್ದೆ. ನನ್ನ ಮುಂದೆ ಇನ್ನೂ ನಡೆಯುತ್ತಿರುವ ಕೇಸಿನ ಬಗ್ಗೆ ಒಂದು ಸಾಲೂ ಬರೆಯಬಾರದು. ಮುಗಿದ ಕೇಸಿನವರ ಗುರುತೂ ಸಿಗಬಾರದು. ಮೊದಲನೆಯದು ಬಹಳ ಮುಖ್ಯ. ಕವಿತೆಯಲ್ಲಿ ಒಬ್ಬರ ಮೇಲೆ ಒಮ್ಮೆ ಕನಿಕರ ಹುಟ್ಟಿತು ಅಂದರೆ, ಮರುದಿನ ಅವರ ಪಾಟೀ ಸವಾಲು ಕೇಳುವಾಗ ಕಿವಿ ಆಗಲೇ ಒಂದು ಕಡೆ ವಾಲಿರುತ್ತದೆ. ಹೀಗಾಗಿ ನನ್ನ ಕವಿತೆಗಳಲ್ಲಿ ಜನರಿಗಿಂತ ಮೇಜು ಕುರ್ಚಿಗಳೇ ಜಾಸ್ತಿ. ಒಂದು ಹೀಗಿದೆ:

ಕಟಕಟೆಯ ಮರದಂಚಿಗೆ
ಎಷ್ಟು ಕೈಗಳ ಬೆವರು.
ಬಿಟ್ಟುಹೋದವನದೂ
ಸಿಕ್ಕಿಬಿದ್ದವನದೂ
ಸವೆಸಿದ್ದು ಒಂದೇ ಜಾಗ.

ಇದನ್ನು ನಮ್ಮ ಸ್ಟೆನೋ ಅವರಿಗೆ ಟೈಪ್ ಮಾಡಲು ಕೊಟ್ಟಿದ್ದೆ. ಅಭ್ಯಾಸಬಲ ನೋಡಿ, ಕೆಳಗೆ "ತೆರೆದ ನ್ಯಾಯಾಲಯದಲ್ಲಿ ಘೋಷಿಸಲಾಯಿತು" ಅಂತ ಸೇರಿಸಿ, ಸಹಿಗೆ ಜಾಗ ಬಿಟ್ಟು ತಂದುಕೊಟ್ಟರು.

ಬರೆಯುವ ಅಭ್ಯಾಸದಿಂದ ಕೆಲಸಕ್ಕೆ ಆದ ಲಾಭ ಅಂದರೆ, ಕೇಳುವುದು ಸ್ವಲ್ಪ ಚುರುಕಾಯಿತು. ಹಳ್ಳಿಯ ಸಾಕ್ಷಿಗಳು ಮೀಟರ್ ಲೆಕ್ಕದಲ್ಲಿ ಹೇಳುವುದಿಲ್ಲ. "ಇಲ್ಲಿಂದ ಆ ಬೇವಿನ ಮರದಷ್ಟು ದೂರ" ಅಂತ ಕಿಟಕಿಯಾಚೆ ಕೈ ತೋರಿಸುತ್ತಾರೆ. ಹಾಗೇ ಬರೆದರೆ ಮೇಲಿನ ಕೋರ್ಟಿನವರಿಗೆ ಏನು ಗೊತ್ತಾಗಬೇಕು? "ಸುಮಾರು 30 ಮೀಟರ್" ಅಂತ ಮಾತ್ರ ಬರೆದರೆ ಸಾಕ್ಷಿ ಹೇಳದ್ದನ್ನು ನಾನು ಹೇಳಿದ ಹಾಗೆ. ನಾನು ಎರಡನ್ನೂ ಬರೆಸುತ್ತಿದ್ದೆ. ಸಾಕ್ಷಿ ತೋರಿಸಿದ ಮರ, ಎರಡೂ ಕಡೆಯ ವಕೀಲರು ಒಪ್ಪಿದ ಅಂದಾಜು ಅಳತೆ. ಇನ್ನೊಂದು, ಶಿಕ್ಷೆಯ ಆದೇಶದಲ್ಲಿ "ಪೈಶಾಚಿಕ", "ಅಮಾನುಷ" ಅನ್ನುವಂಥ ಮಾತುಗಳು ಕೈಗೆ ತಾನಾಗಿ ಬರುತ್ತವೆ. ಸಹಿ ಹಾಕುವ ಮುಂಚೆ ಗಟ್ಟಿಯಾಗಿ ಓದಿಕೊಂಡು ಅವನ್ನು ಹೊಡೆದುಹಾಕುತ್ತಿದ್ದೆ. ಎಷ್ಟು ಗಾಯ, ಎಲ್ಲೆಲ್ಲಿ, ಯಾವುದರಿಂದ ಅಂತ ಬರೆದರೆ ಓದುವವರಿಗೆ ಗೊತ್ತಾಗುತ್ತದೆ.

ಇನ್ನು ಹುಡುಗರ ವಿಷಯ. ಬಾಲ ನ್ಯಾಯ ಮಂಡಳಿಯಲ್ಲಿ ಕೆಲವು ಕಾಲ ಇದ್ದೆ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ಎತ್ತರದ ಪೀಠ ಇಲ್ಲ, ಕಟಕಟೆ ಇಲ್ಲ. ಮೇಜಿನ ಆಚೆ ಹುಡುಗ, ಈಚೆ ನಾವು. ಮೊಬೈಲ್ ಕದ್ದವರು, ಬೈಕ್ ಕದ್ದು ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ಬಿಟ್ಟುಹೋದವರು. ಒಬ್ಬ ನನ್ನನ್ನು "ಆಂಟಿ" ಅಂದುಬಿಟ್ಟ. ಹಿಂದೆ ನಿಂತ ಸಿಬ್ಬಂದಿ ಗದರಿದರು. ನನಗೆ ಏನೂ ಅನ್ನಿಸಲಿಲ್ಲ. ನಾನು ಮೊದಲು ಕೇಳುತ್ತಿದ್ದುದು "ತಿಂಡಿ ಆಯ್ತಾ?" ಅಂತ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ನುವುದೇ ಬಹಳ ಸಲ ಉತ್ತರ. ತಿನ್ನಿಸಿಕೊಂಡು ಬನ್ನಿ ಅಂತ ಕಳಿಸಿ, ಆಮೇಲೆ ಮಾತು.

2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮಂಡಳಿಗೆ ಬೇಕಾದಷ್ಟು ದಾರಿಗಳಿವೆ. ಬುದ್ಧಿ ಹೇಳಿ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಪ್ರೊಬೇಷನ್ ಮೇಲೆ, ಅಂದರೆ ಒಳ್ಳೆಯ ನಡತೆಯ ಷರತ್ತು ಹಾಕಿ, ತಂದೆತಾಯಿಗೆ ಒಪ್ಪಿಸಬಹುದು. ತೀರಾ ಕೊನೆಯದು ಮೂರು ವರ್ಷದವರೆಗೆ ವಿಶೇಷ ಗೃಹ. ನಾನು ಹುಡುಗರನ್ನು ಗ್ರಂಥಾಲಯಕ್ಕೆ ಪುಸ್ತಕ ಜೋಡಿಸಲು ಕಳಿಸುವುದನ್ನು ಇಷ್ಟಪಡುತ್ತಿದ್ದೆ. ಅಲ್ಲಿ ಯಾರೂ ಗಟ್ಟಿಯಾಗಿ ಬೈಯುವ ಹಾಗಿಲ್ಲವಲ್ಲ! ತಂದೆತಾಯಿಗಳಿಗೆ ಇದ್ದ ದೊಡ್ಡ ಹೆದರಿಕೆ ಅಂದರೆ ಮುಂದೆ ಕೆಲಸ ಸಿಗುತ್ತಾ ಅನ್ನುವುದು. 24ನೇ ಕಲಂ ಪ್ರಕಾರ ಮಂಡಳಿಯ ತೀರ್ಮಾನದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಬರುವಂತಿಲ್ಲ, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆ ನಾಶ ಮಾಡಬೇಕು. ವಯಸ್ಕ ಅಂತ ವಿಚಾರಣೆ ನಡೆಸಬಹುದಾದ 16 ದಾಟಿದವರ ಘೋರ ಅಪರಾಧಗಳಿಗೆ ಬೇರೆ ಲೆಕ್ಕ. ಇದನ್ನು ನಾನು ಅಮ್ಮಂದಿರಿಗೆ ಒಂದು ಸಲ ಹೇಳಿ ಬಿಡುತ್ತಿರಲಿಲ್ಲ, ಎರಡು ಸಲ ಹೇಳುತ್ತಿದ್ದೆ.

ಹದಿನೆಂಟು ದಾಟಿದ ಮೇಲೂ ಇಪ್ಪತ್ತೊಂದರವರೆಗೆ ಸ್ವಲ್ಪ ರಕ್ಷಣೆ ಇದೆ. 1958ರ ಪ್ರೊಬೇಷನ್ ಕಾಯ್ದೆಯ 6ನೇ ಕಲಂ. ಜೀವಾವಧಿ ಶಿಕ್ಷೆ ವಿಧಿಸಬಹುದಾದಂಥ ಅಪರಾಧ ಅಲ್ಲದಿದ್ದರೆ, ಇಂಥವರನ್ನು ಜೈಲಿಗೆ ಕಳಿಸುವ ಮುನ್ನ ಯಾಕೆ ಅಂತ ಕಾರಣ ಬರೆಯಬೇಕು. ಹೊಸದಾಗಿ ಸೇರುವ ಜಡ್ಜ್‌ಗಳಿಗೆ ನಾನು ಈ ಕಲಂ ನೆನಪಿಸುತ್ತಿರುತ್ತೇನೆ. ಪರೀಕ್ಷೆಗೆ ಓದಿರುತ್ತಾರೆ, ಪೀಠದ ಮೇಲೆ ಮರೆತಿರುತ್ತಾರೆ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕೇಸು ನಡೆಯುವ ಪೋಕ್ಸೊ ಕೋರ್ಟಿನಲ್ಲಿ ಮಗುವನ್ನು ವಕೀಲರು ನೇರವಾಗಿ ಕೇಳುವ ಹಾಗಿಲ್ಲ. ಪ್ರಶ್ನೆಯನ್ನು ಜಡ್ಜ್‌ಗೆ ಕೊಡಬೇಕು, ಜಡ್ಜ್ ಮಗುವನ್ನು ಕೇಳಬೇಕು. ನಾನು ಕರಿ ಕೋಟು ತೆಗೆದಿಟ್ಟು ಪಕ್ಕದಲ್ಲಿ ಕೂರುತ್ತಿದ್ದೆ. ಮೊದಲು ನಿಜ ಯಾವುದು ಸುಳ್ಳು ಯಾವುದು ಗೊತ್ತಾ ಅಂತ ನೋಡಬೇಕಲ್ಲ. "ಸುಳ್ಳು ಹೇಳಿದ್ರೆ ಏನಾಗುತ್ತೆ?" ಅಂತ ಕೇಳುವ ರೂಢಿ ಇದೆ. "ದೇವರು ಕಣ್ಣು ಕೀಳ್ತಾನೆ" ಅನ್ನುತ್ತವೆ ಮಕ್ಕಳು. ಈಗಾಗಲೇ ಹೆದರಿದ ಮಗುವಿನ ಬಾಯಿಂದ ಅದನ್ನು ಹೇಳಿಸುವುದು ನನಗೆ ಸರಿಬರಲಿಲ್ಲ. "ನನ್ನ ಸೀರೆ ಕೆಂಪು ಅಂತ ನಾನು ಹೇಳಿದ್ರೆ ಅದು ನಿಜಾನಾ?" ಅಂತ ಕೇಳುತ್ತಿದ್ದೆ. ಸೀರೆ ಹಸಿರು. "ಇಲ್ಲ, ಸುಳ್ಳು!" ಅಂತ ನಕ್ಕ ಮೇಲೆ ಮುಂದಿನದು ಸಲೀಸು. ಗೊತ್ತಿಲ್ಲ ಅಂತಲೂ ಹೇಳಬಹುದು, ಯಾರೂ ಬೈಯಲ್ಲ ಅಂತ ಮೊದಲೇ ತಿಳಿಸಿಬಿಡಬೇಕು. ಇಲ್ಲದಿದ್ದರೆ ದೊಡ್ಡವರು ಕೇಳಿದ್ದಕ್ಕೆಲ್ಲ "ಹೂಂ" ಅಂದುಬಿಡುತ್ತವೆ. ಎಷ್ಟು ಗಂಟೆಗೆ ಅಂತ ಕೇಳಬಾರದು. "ಅಜ್ಜಿ ಸೀರಿಯಲ್ ನೋಡ್ತಿದ್ರು" ಅಂತ ಮಗುವೇ ಹೇಳುತ್ತದೆ. ಯಾವ ಸೀರಿಯಲ್ ಅಂತ ಕೇಳಿದರೆ ಗಂಟೆ ಸಿಗುತ್ತದೆ.

ಇದೇ ಕೋರ್ಟಿಗೆ ಬರುವ ಇನ್ನೊಂದು ಬಗೆಯ ಕೇಸುಗಳಿವೆ. ಹುಡುಗಿಗೆ ಹದಿನೇಳು, ಹುಡುಗನಿಗೆ ಇಪ್ಪತ್ತು. ಇಬ್ಬರೂ ಓಡಿಹೋಗಿರುತ್ತಾರೆ. ಹುಡುಗಿಯ ಅಪ್ಪ ದೂರು ಕೊಟ್ಟಿರುತ್ತಾನೆ. 2012ರ ಪೋಕ್ಸೊ ಕಾಯ್ದೆ ಬರುವ ಮುಂಚೆ ಒಪ್ಪಿಗೆಯ ವಯಸ್ಸು 16 ಇತ್ತು, ಆಮೇಲೆ 18 ಆಯಿತು. 2019ರ ತಿದ್ದುಪಡಿಯಿಂದ ಕನಿಷ್ಠ ಶಿಕ್ಷೆ ಹತ್ತು ವರ್ಷ. ಅದಕ್ಕಿಂತ ಒಂದು ದಿನ ಕಡಿಮೆ ಕೊಡುವ ಅಧಿಕಾರ ವಿಚಾರಣಾ ಕೋರ್ಟಿಗೆ ಇಲ್ಲ. ಇಂಥ ಬಹಳ ಕೇಸುಗಳಲ್ಲಿ ಹುಡುಗಿ ಬಂದು ಏನೂ ನಡೆದಿಲ್ಲ ಅನ್ನುತ್ತಾಳೆ, ಕೇಸು ಬಿದ್ದುಹೋಗುತ್ತದೆ. ನನ್ನ ಮುಂದೆ ಬಂದ ಒಬ್ಬಳು ಸುಳ್ಳು ಹೇಳಲಿಲ್ಲ. ಕ್ಲರ್ಕ್ ನಿಧಾನವಾಗಿ ಪ್ರಮಾಣ ಹೇಳಿಸಿದರು. ಅವಳು ಪೂರ್ತಿ ಹೇಳಿದಳು. "ನಾನೇ ಕರ್ಕೊಂಡು ಹೋಗಿದ್ದು ಮೇಡಂ. ಗಂಡ ಹೆಂಡ್ತಿ ಥರ ಇದ್ವಿ. ಅವನದೇನೂ ತಪ್ಪಿಲ್ಲ." ಹುಡುಗನನ್ನು ಉಳಿಸಲು ಹೇಳಿದ ನಿಜವೇ ಅವನ ವಿರುದ್ಧದ ಸಾಕ್ಷ್ಯವಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ಸ್ಪಷ್ಟವಾಗಿತ್ತು, ಅದರ ಬಗ್ಗೆ ತಕರಾರೂ ಇರಲಿಲ್ಲ.

ಶಿಕ್ಷೆ ಎಷ್ಟು ಅನ್ನುವುದರ ಬಗ್ಗೆ ಏನಾದರೂ ಹೇಳುವುದಿದೆಯಾ ಅಂತ ಹುಡುಗನನ್ನು ಕೇಳಬೇಕು. ಕೇಳಿದೆ. "ನನಗೇನಿಲ್ಲ ಮೇಡಂ. ಅವಳನ್ನ ಹೊಡೀಬೇಡಿ ಅಂತ ಅವರಪ್ಪನಿಗೆ ಹೇಳಿ" ಅಂದ. ಹತ್ತು ವರ್ಷ ಅಂತ ಬರೆಸಿದೆ. ಆದೇಶದಲ್ಲಿ ಇಬ್ಬರ ವಯಸ್ಸು, ಅವಳು ಪ್ರಮಾಣ ಮಾಡಿ ಹೇಳಿದ ಮಾತು, ಅವನು ಕಟಕಟೆಯಲ್ಲಿ ಹೇಳಿದ ಮಾತು, ಮೂರನ್ನೂ ಇದ್ದ ಹಾಗೇ ದಾಖಲಿಸಿದೆ. ಮೇಲಿನ ಕೋರ್ಟಿನವರು ಓದುವಾಗ ಅವು ಕಣ್ಣಿಗೆ ಬೀಳಲಿ ಅಂತ. ನನ್ನ ಕೈಯಲ್ಲಿದ್ದುದು ಅಷ್ಟೇ. ಅದರ ಮೇಲೆ ಕವಿತೆ ಬರೆಯಲು ಕೂತಿದ್ದೆ. ಆಗಲಿಲ್ಲ.

ಈ ಕಾನೂನಿನ ಬಗ್ಗೆ ನನ್ನೊಬ್ಬಳಿಗೇ ಹೀಗೆ ಅನ್ನಿಸಿದ್ದಲ್ಲ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಈ ವಯಸ್ಸಿನ ಬಗ್ಗೆ ಮತ್ತೆ ಯೋಚನೆ ಮಾಡಬೇಕು ಅಂತ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರ ನಡುವಿನ ಇಂಥ ಕೇಸುಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆ ಜಡ್ಜ್‌ಗೆ ಕೊಡಿ ಅಂದಿತು. ನನಗೆ ಅದು ಸರಿ ಅನ್ನಿಸುತ್ತದೆ. ವಯಸ್ಸು ಇಳಿಸಿದರೆ, ಹದಿನಾರರ ಹುಡುಗಿಯನ್ನು ಪುಸಲಾಯಿಸಿ ಕರೆದೊಯ್ದ ನಲವತ್ತರ ಗಂಡಸೂ ಒಪ್ಪಿಗೆ ಇತ್ತು ಅನ್ನುತ್ತಾನೆ. ಅಂಥ ಕೇಸುಗಳನ್ನೂ ನೋಡಿದ್ದೇನೆ. 2025ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು, ಹುಡುಗಿ ಕಾನೂನು ವ್ಯವಸ್ಥೆಯಿಂದಲೇ ಜಾಸ್ತಿ ನೊಂದಿದ್ದಾಳೆ ಅಂತ ಕಂಡುಕೊಂಡು, ಅಪರಾಧ ಸಾಬೀತಾಗಿದ್ದರೂ ಅಪರಾಧಿಯನ್ನು ಜೈಲಿಗೆ ಕಳಿಸಲಿಲ್ಲ. ಸಂವಿಧಾನದ 142ನೇ ವಿಧಿ ಬಳಸಿ ಹಾಗೆ ಮಾಡಿತು. ಆ ಅಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ ಮಾತ್ರ.

ನಾನು ಶಿಕ್ಷೆ ಕೊಟ್ಟ ಹುಡುಗನ ಮೇಲ್ಮನವಿ ಹೈಕೋರ್ಟಿನಲ್ಲಿದೆ. ಶಿಕ್ಷೆ ಅಮಾನತಾಗಿ ಹೊರಗೆ ಬಂದಿದ್ದಾನೆ, ಹುಡುಗಿಗೆ ಹದಿನೆಂಟು ತುಂಬಿದ ಮೇಲೆ ಇಬ್ಬರೂ ರಿಜಿಸ್ಟರ್ ಮದುವೆ ಆಗಿದ್ದಾರೆ ಅಂತ ಅವನ ಪರ ವಕೀಲರು ಒಮ್ಮೆ ಸಿಕ್ಕಾಗ ಹೇಳಿದರು. ಅವಳಪ್ಪ ಮದುವೆಗೆ ಬಂದಿರಲಿಲ್ಲವಂತೆ. ಮೇಲ್ಮನವಿ ಇನ್ನೂ ವಿಚಾರಣೆಗೆ ಬಂದಿಲ್ಲ.